ಅಲೀಪುರದಲ್ಲಿ ಹಡಗಿನ ಇನ್ನೊಂದು ತುದಿ

ಗುರುವಾರ ನಮ್ಮ ಬೀದಿಗೆ ನೀರು ಬಿಡುವ ದಿನ. ಬೆಳಿಗ್ಗೆ ಬೇಗನೆ ಎದ್ದು ಡ್ರಮ್ಮು, ಬಿಂದಿಗೆ, ಕೊನೆಗೆ ದೊಡ್ಡ ಕುಕ್ಕರನ್ನೂ ಬಿಡದೆ ತುಂಬಿಸಿದೆ. ಬಾಗಿಲಿಗೆ ನಾಲ್ಕು ಎಳೆ ರಂಗೋಲಿ ಎಳೆದು, ಹಿಂದಿನ ದಿನ ಹಿತುಕಿಟ್ಟ ಅವರೆಕಾಳು ಹಾಕಿ ಉಪ್ಪಿಟ್ಟು ಮಾಡಿದೆ. ಮಗಳು ಮೇಘನಾ ಏಳನೇ ಕ್ಲಾಸು. ಎರಡು ಜಡೆಗೆ ಒಂದೇ ರಿಬ್ಬನ್ ಸಿಕ್ಕಿ ಎಂದಿನಂತೆ ಜಗಳವಾಯಿತು. "ಚಾಕಲೇಟೆಲ್ಲ ಬಸ್ಸಲ್ಲೇ ತಿಂದು ಮುಗಿಸ್ಬೇಡ ಕಣಮ್ಮ" ಎಂದು ಹೇಳಿ ಸೈಕಲ್ ಹತ್ತಿದಳು. ಸಂಜೆ ನಾನು ಬರುವವರೆಗೆ ಪಕ್ಕದ ಮನೆಯ ರತ್ನಮ್ಮನವರ ಹತ್ತಿರ ಇರಬೇಕೆಂದು ಹೇಳಿಟ್ಟಿದ್ದೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡೆರಡು ಸಲ ನೋಡಿ, ಬೀಗ ಹಾಕಿ, ಚಿಂತಾಮಣಿ ಬಸ್ ಸ್ಟ್ಯಾಂಡಿಗೆ ನಡೆದೆ.

ಹೋಗಬೇಕಾಗಿದ್ದದ್ದು ಅಲೀಪುರಕ್ಕೆ, ಗೌರಿಬಿದನೂರಿನ ಆಚೆ. ನಮ್ಮವರ ಜೊತೆ ಕೆಲಸ ಮಾಡುವ ಅಬ್ಬಾಸ್ ರಜೆಯ ಮೇಲೆ ಊರಿಗೆ ಬಂದಿದ್ದರು. ಮೇಘನಾಗೆ ಅಂತ ನಮ್ಮವರು ಕೊಟ್ಟು ಕಳಿಸಿದ ಚಾಕಲೇಟು, ಉಣ್ಣೆ ಟೋಪಿ ಅವರ ಹತ್ತಿರ ಇದ್ದವು. "ಪಾರ್ಸಲ್ ಮಾಡಿ ಕಳಿಸ್ಬಿಡ್ತೀನಿ ಭಾಭಿ, ಅಷ್ಟು ದೂರ ಯಾಕೆ ಬರ್ತೀರಿ" ಎಂದು ಫೋನಿನಲ್ಲಿ ಮೂರು ಸಲ ಹೇಳಿದರು. ಬರ್ತೀನಿ ಎಂದು ನಾನೂ ಅಷ್ಟೇ ಸಲ ಹೇಳಿದೆ. ನನಗೆ ಬೇಕಾಗಿದ್ದದ್ದು ಚಾಕಲೇಟಲ್ಲ. ಅಬ್ಬಾಸ್ ವಾಪಸು ಯಾವಾಗ ಹೊರಡುತ್ತಾರೆ ಎಂಬ ಒಂದೇ ಮಾತು. ಅವರು ಹೋದರೆ ಮಾತ್ರ ನಮ್ಮವರು ಬರಬಹುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರಿರುವುದು ವಿಮಾನಗಳು ಇಳಿದು ಏರುವಂಥ ದೊಡ್ಡ ಯುದ್ಧದ ಹಡಗಿನಲ್ಲಿ. ಯಾವುದೋ ದೇಶ ಅದನ್ನು ಕಟ್ಟಲು ಶುರು ಮಾಡಿ, ಅರ್ಧಕ್ಕೆ ಕೈಬಿಟ್ಟಿತು. ವರ್ಷಾನುಗಟ್ಟಲೆ ದಡದಲ್ಲಿ ತುಕ್ಕು ತಿನ್ನುತ್ತಿದ್ದ ಅದನ್ನು, ಈಗಷ್ಟೇ ನೌಕಾಪಡೆ ಕಟ್ಟಿಕೊಳ್ಳುತ್ತಿರುವ ಇನ್ನೊಂದು ದೇಶ ಕೊಂಡಿತು. ದೇಶದ ಹೆಸರು, ಊರಿನ ಹೆಸರು ಹೊರಗೆ ಹೇಳಬಾರದೆಂದು, ಅದನ್ನು ಕಟ್ಟಿ ಮುಗಿಸುತ್ತಿರುವ ನಮ್ಮವರ ಕಂಪನಿಯ ಕಟ್ಟಳೆ. ನನಗೆ ಗೊತ್ತಿರುವುದು ಅಲ್ಲಿ ಚಳಿ, ಅಲ್ಲಿ ಸಮುದ್ರ, ಇಷ್ಟೇ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ನಕಾಶೆ ಬರೆಸುವಾಗ ಕರಾವಳಿಯ ಅಂಚಿಗೆ ಮಾತ್ರ ನೀಲಿ ಪೆನ್ಸಿಲ್ ಉಜ್ಜಿ ಹತ್ತಿಯಿಂದ ಮೆತ್ತಗೆ ಹರಡಲು ಕಲಿಸಿದ್ದರು. ಆಚೆಗೆಲ್ಲ ಬಿಳಿ ಕಾಗದವೇ. ನಮ್ಮವರು ಎರಡು ವರ್ಷದಿಂದ ಆ ಬಿಳಿಯಲ್ಲೆಲ್ಲೋ ಇದ್ದಾರೆ.

ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಖಾಸಗಿ ಬಸ್ಸು ಸಿಕ್ಕಿತು. ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ದುಡ್ಡಿಲ್ಲ, ಆದರೆ ಅದು ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಮಂಜು ಇನ್ನೂ ಕರಗಿರಲಿಲ್ಲ. ಕಿಟಕಿಯ ಗಾಜಿನ ಮೇಲೆ ಹಿಂದೆ ಯಾವುದೋ ಮಗು ಬೆರಳಲ್ಲಿ ಬರೆದ ಬೆಕ್ಕಿನ ಚಿತ್ರ ಉಸಿರು ತಾಗಿದಾಗಲೆಲ್ಲ ಎದ್ದು ಕಾಣುತ್ತಿತ್ತು. ಟೊಮೇಟೊ ಕ್ರೇಟುಗಳ ಟೆಂಪೋಗಳು ನಮ್ಮನ್ನು ದಾಟಿದವು. ಶಿಡ್ಲಘಟ್ಟದ ಹತ್ತಿರ ಬಂದಂತೆ ಬೇಯಿಸಿದ ರೇಷ್ಮೆಗೂಡಿನ ವಾಸನೆ ಬಸ್ಸಿನೊಳಗೆ ಬಂತು. ನನ್ನ ಪಕ್ಕ ಕೂತಿದ್ದ ದಿಬ್ಬೂರಹಳ್ಳಿಯ ಅಜ್ಜಿ ಸೆರಗನ್ನು ಮೂಗಿಗೆ ಹಿಡಿಯುವ ಬದಲು ಜೋರಾಗಿ ಉಸಿರೆಳೆದು, "ಇವತ್ತು ಗೂಡು ಚೆನ್ನಾಗಿ ಬಂದೈತೆ" ಎಂದರು. ನನ್ನ ಕಡೆ ತಿರುಗಿ, "ಎಲ್ಲಿಗಮ್ಮ ಒಬ್ಬಳೇ?" ಎಂದರು.

"ಅಲೀಪುರಕ್ಕೆ."

"ಅಲ್ಲೇನು, ಹರಳು ತಗೊಳ್ಳೋಕಾ? ನಿನ್ನ ಯಜಮಾನ್ರು?"

"ಹಡಗಲ್ಲಿ ಕೆಲಸ."

ಅಜ್ಜಿ ನನ್ನನ್ನು ಪೂರ್ತಿ ನೋಡಿದರು. "ನಮ್ಮ ಕಡೆ ಕೆರೇಲೇ ನೀರಿಲ್ದೆ ಇದ್ವಿ, ಹಡಗು ಯಾವನಮ್ಮ ಕಲ್ಸಿದ್ದು?" ಮುಂದಿನ ಸೀಟಿನವರೂ ನಕ್ಕರು, ನಾನೂ ನಕ್ಕೆ.

ನಮ್ಮವರಿಗೆ ಹಡಗು ಯಾರೂ ಕಲಿಸಲಿಲ್ಲ. ಅವರು ಕಾರ್ಖಾನೆಯಲ್ಲಿ ವೈರಿಂಗ್ ಮಾಡುತ್ತಿದ್ದವರು. ಆ ಹಡಗಿನ ಹೊಟ್ಟೆಯಲ್ಲಿ ಮೊದಲು ಕಟ್ಟಿದವರು ಎಳೆದ ಸಾವಿರಾರು ಕೇಬಲ್‌ಗಳಿವೆಯಂತೆ. ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಹೇಳಲು ಯಾರೂ ಉಳಿದಿಲ್ಲ. ಅಂಟಿಸಿದ್ದ ಚೀಟಿಗಳು ಅಳಿಸಿ ಹೋಗಿವೆ. ಹಾಗಾಗಿ ಜೋಡಿ ಜೋಡಿಯಾಗಿ ಕೆಲಸ. ಒಬ್ಬ ಕೆಳಗಿನ ಕೋಣೆಯಲ್ಲಿ ಒಂದು ತಂತಿಗೆ ಬ್ಯಾಟರಿ ತಾಗಿಸಿ ಹಿಡಿಯಬೇಕು. ಇನ್ನೊಬ್ಬ ಎಷ್ಟೋ ಅಂತಸ್ತು ಮೇಲೆ ತಂತಿಗಳ ಕಟ್ಟಿನಲ್ಲಿ ಒಂದೊಂದನ್ನೇ ಮುಟ್ಟುತ್ತಾ ಹೋಗಬೇಕು. ಸರಿಯಾದದ್ದಕ್ಕೆ ತಾಗಿದಾಗ ಕೈಯಲ್ಲಿರುವ ಗಂಟೆ ಕಿಣಿ ಎನ್ನುತ್ತದೆ. "ಸಿಕ್ತು" ಎಂದು ಫೋನಿನಲ್ಲಿ ಹೇಳಿದ ಮೇಲೆಯೇ ಕೆಳಗಿನವನು ಕೈ ಬಿಡಬೇಕು. ಒಂದೇ ಭಾಷೆ ಮಾತಾಡುವ ಇಬ್ಬರನ್ನು ಜೋಡಿ ಹಾಕಿದರೆ ತಪ್ಪು ಕಡಿಮೆ ಎಂದು ಕಂಡುಕೊಂಡ ಕಂಪನಿ ನಮ್ಮವರಿಗೆ ಅಬ್ಬಾಸರನ್ನು ಜೊತೆ ಮಾಡಿತು. ಇಬ್ಬರಿಗೂ ಗೊತ್ತಿರುವಷ್ಟು ಆ ಕೇಬಲ್‌ಗಳ ದಾರಿ ಮೂರನೆಯವರಿಗೆ ಗೊತ್ತಿಲ್ಲ. ಅದಕ್ಕೇ ಒಬ್ಬ ರಜೆ ಹೋದರೆ ಇನ್ನೊಬ್ಬ ಅಲ್ಲಿರಲೇಬೇಕು.

ಅಬ್ಬಾಸರ ರಜೆ ಮುಗಿದು ಮೂರು ವಾರವಾಗಿತ್ತು. ಕೇಳಿದರೆ ನಮ್ಮವರು, "ಬರ್ತಾನೆ ಬಿಡು, ನೋಡಣ" ಎನ್ನುತ್ತಿದ್ದರು. ಆಮೇಲೆ ಅವರೆಕಾಯಿ ಬಂತಾ, ಸೊಗಡು ಇದೆಯಾ ಎಂದು ಮಾತು ಬದಲಿಸುತ್ತಿದ್ದರು. ಇನ್ನು ಸ್ವಲ್ಪ ದಿನಕ್ಕೆ ಹಡಗನ್ನು ಸಮುದ್ರಕ್ಕೆ ಬಿಟ್ಟು ಪರೀಕ್ಷೆ ಶುರುವಾದರೆ, ಹಸ್ತಾಂತರವಾಗುವವರೆಗೆ ಯಾರಿಗೂ ರಜೆಯಿಲ್ಲ. ಅದು ವರ್ಷವೋ, ಇನ್ನೂ ಹೆಚ್ಚೋ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿದೆ. ಸ್ಟ್ಯಾಂಡಿನ ಹತ್ತಿರ ಇಡ್ಲಿ ತಿಂದೆ, ಚಟ್ನಿಯಲ್ಲಿ ಶುಂಠಿ ಜಾಸ್ತಿ. ಗೌರಿಬಿದನೂರಿನ ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಚೀಟಿ ತೆಗೆದುಕೊಂಡೆ. ಊರು ದಾಟಿದ ಮೇಲೆ ಗುಡ್ಡಗಳ ನಡುವೆ ರಸ್ತೆ ಏರಿ ಇಳಿಯಿತು. ಬಿಸಿಲು ಬಂದಿತ್ತು. ಬಂಡೆಗಳ ಸಂದಿಯಲ್ಲಿ ಸೀತಾಫಲದ ಗಿಡಗಳು, ಕೆಳಗೆ ಸೇವಂತಿಗೆಯ ಹಳದಿ ಪಟ್ಟಿಗಳು. ಒಂದು ಕೆರೆಯಲ್ಲಿ ನೀರಿತ್ತು. ಅದನ್ನು ಕಣ್ಣು ಮರೆಯಾಗುವವರೆಗೆ ನೋಡಿದೆ. ಇತ್ತೀಚೆಗೆ ಎಲ್ಲಿ ಒಟ್ಟಿಗೆ ಇಷ್ಟು ನೀರು ಕಂಡರೂ ಹಾಗೆ ನೋಡುವುದು ಅಭ್ಯಾಸವಾಗಿದೆ.

ಗೌರಿಬಿದನೂರು ಸ್ಟ್ಯಾಂಡಿನಲ್ಲಿ ಅಬ್ಬಾಸ್ ತಮ್ಮ ಭಾವಮೈದುನನ ಆಟೋ ತಂದು ಕಾಯುತ್ತಿದ್ದರು. ಫೋನಿನಲ್ಲಿ ನಮ್ಮವರ ಹೆಗಲ ಹಿಂದೆ ಎಷ್ಟೋ ಸಲ ಕಂಡ ಮುಖ. ಎದುರಿಗೆ ಇನ್ನೂ ಚಿಕ್ಕವರಂತೆ ಕಂಡರು. ದಾರಿಯುದ್ದಕ್ಕೂ ಹಡಗಿನದೇ ಮಾತು. "ಡೆಕ್ ಮೇಲೆ ನಿಂತ್ರೆ ನಮ್ಮ ಅಲೀಪುರ ಪೂರ್ತಿ ಬಂದು ನಿಂತ್ರೂ ಜಾಗ ಮಿಗುತ್ತೆ ಭಾಭಿ. ಒಂದ್ಸಲ ಏನಾಯ್ತು ಗೊತ್ತಾ? ನಾವಿಬ್ರೂ ಟೇಪಿನ ಮೇಲೆ ಕನ್ನಡದಲ್ಲೇ ಗುರುತು ಹಾಕ್ಕೊಂಡಿದ್ವಿ, 'ಇದು ಅಡುಗೆಮನೆ', 'ಇದು ಗೊತ್ತಿಲ್ಲ' ಅಂತ. ತೆಗೆಯೋದು ಮರೆತ್ವಿ. ಹೊಸ ನೌಕಾಪಡೆ ಆಫೀಸರು ಬಂದು, ಇದು ಹಳೇ ಕೆಲಸಗಾರರ ಗುಟ್ಟಿನ ಬರಹ ಅಂದ್ಕೊಂಡು ಫೋಟೋ ತೆಗೆದು ಹಡಗು ಮೊದಲು ಕಟ್ಟಿದ ದೇಶಕ್ಕೆ ಕಳಿಸಿ ಅರ್ಥ ಕೇಳಿದಾನೆ! ಅವರು ನಮ್ಮದಲ್ಲ ಅಂದ್ರಂತೆ. ಇಡೀ ವಾರ ತಲೆ ಕೆಡಿಸ್ಕೊಂಡಿದಾರೆ. ನಿಮ್ಮ ಮನೆಯೋರು ನನ್ನ ಕಾಲು ತುಳಿದು, ಬಾಯಿ ಬಿಟ್ರೆ ನೋಡು ಅಂತಾರೆ." ಆಟೋದಲ್ಲಿ ಅಷ್ಟು ಹೊತ್ತು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಇದನ್ನು ನಮ್ಮವರು ನನಗೆ ಹೇಳಿರಲೇ ಇಲ್ಲ.

ಅಲೀಪುರದ ಬೀದಿಯಲ್ಲಿ ಮನೆಮನೆಯಿಂದ ಹರಳು ಉಜ್ಜುವ ಚಕ್ರಗಳ ಸಣ್ಣ ಗುಂಯ್ ಸದ್ದು. ಅಬ್ಬಾಸರ ಮನೆ ಎರಡು ಕೋಣೆಯದು, ಹಸಿರು ಬಾಗಿಲು. ಹೆಂಡತಿ ಜೈನಬ್ ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು. ಅಬ್ಬಾಸ್ ಹಡಗಿಗೆ ಹೋದ ಮೇಲೆ ಹುಟ್ಟಿದ ಮಗಳು, ಒಂದೂವರೆ ವರ್ಷದ ಕೂಸು, ಬಾಗಿಲಲ್ಲೇ ಅವರ ಕಾಲನ್ನು ತಬ್ಬಿಕೊಂಡಿತು. ಆಮೇಲೆ ನಾನು ಅಲ್ಲಿದ್ದಷ್ಟು ಹೊತ್ತೂ ಅವರು ಎಲ್ಲಿಗೆ ಹೋದರೂ ಅವರ ಪಾದದ ಮೇಲೆ ನಿಂತುಕೊಂಡೇ ಹೋಯಿತು.

ಊಟಕ್ಕೆ ಅವರೆಕಾಳು ಹಾಕಿದ ಕುಷ್ಕ. "ನೀವು ಕವಿಸು-ಮಾಂಸ ತಿನ್ನಲ್ಲ ಅಂತ ಇವರು ಹೇಳಿದ್ರು ಅಕ್ಕ, ಪಾತ್ರೇನೂ ಹೊಸದೇ" ಎಂದಳು ಜೈನಬ್.

"ನಿಮ್ಮ ಮನೆಯೋರು ಅಲ್ಲಿ ಮೊಟ್ಟೆ ತಿಂತಾರೆ ಭಾಭಿ," ಎಂದರು ಅಬ್ಬಾಸ್. "ನಾನು ಹೇಳ್ದೆ ಅನ್ಬೇಡಿ."

ತಟ್ಟೆಯಲ್ಲಿ ಸೊಗಡಿನ ಘಮ. ಕೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಕಾನ್ವೆಂಟಿನಲ್ಲಿ ನಮಗೆ ಪ್ಲೀಸ್ ಕಲಿಸಿದರು, ಥ್ಯಾಂಕ್ಯೂ ಕಲಿಸಿದರು. ಬೇಕಾದ್ದನ್ನು ನೇರವಾಗಿ ಕೇಳುವುದನ್ನು ಮಾತ್ರ ಕಲಿಸಲಿಲ್ಲ.

ತಟ್ಟೆ ಎತ್ತಿಕೊಂಡು ಜೈನಬಳ ಹಿಂದೆ ಅಡುಗೆಮನೆಗೆ ಹೋದೆ. ಕಿಟಕಿಯ ಪಕ್ಕದ ಮೊಳೆಯಲ್ಲಿ ಕಂಪನಿಯ ನೀಲಿ ಜಾಕೆಟ್ಟು ಒಗೆದು ನೇತುಹಾಕಿತ್ತು. ಎಂದೋ ಒಣಗಿದ್ದದ್ದು, ತೋಳಿನ ಮಡಿಕೆಯಲ್ಲಿ ಧೂಳು ಕೂತಿತ್ತು. ಅವಳು ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಮೆಲ್ಲಗೆ ಹೇಳಿದಳು: "ಅಕ್ಕ, ನೀವು ಯಾಕೆ ಬಂದಿದೀರಿ ಅಂತ ನಂಗೆ ಗೊತ್ತು. ಇವರು ಹೋಗಲ್ಲ ಅಂತಿದಾರೆ. ನಾನೇ ಹೇಳಿರೋದು. ನಮ್ಮಣ್ಣ ಅವನ ಅಂಗಡೀಲಿ ಒಂದು ಚಕ್ರ ಕೊಡ್ತೀನಿ ಅಂದಿದಾನೆ."

ನಾನು ತಟ್ಟೆ ತೊಳೆದೆ.

"ಮಗೂಗೆ ಅಬ್ಬಾ ಎಲ್ಲಿ ಅಂದ್ರೆ ಇನ್ನೂ ಮೊಬೈಲೇ ತೋರಿಸ್ತಾಳೆ," ಎಂದಳು. "ಪಕ್ಕದಲ್ಲೇ ಕೂತಿರ್ತಾರೆ, ಆದ್ರೂ. ಈಗೀಗ ಗುರುತು ಹತ್ತಿದೆ." ತೊಳೆದ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, "ನಿಮ್ಮ ಮುಖ ನೋಡಿದ್ರೆ ಇವರಿಗೆ ಇಲ್ಲ ಅನ್ನೋಕಾಗಲ್ಲ. ಅದಕ್ಕೇ ಪಾರ್ಸಲ್ ಮಾಡ್ತೀನಿ ಅಂದಿದ್ದು. ನೀವು ಹೋಗು ಅಂದ್ರೆ ಹೋಗ್ಬಿಡ್ತಾರೆ ಅಕ್ಕ. ನೀವು ಅನ್ನಬೇಡಿ" ಎಂದಳು.

ಅವಳ ಒದ್ದೆ ಕೈ ನನ್ನ ಮಣಿಕಟ್ಟಿನ ಮೇಲಿತ್ತು. ಅದರ ಬಳೆಗಳು ನನ್ನ ಬಳೆಗಳಿಗೆ ತಾಗುತ್ತಿದ್ದವು. "ಇಲ್ಲಮ್ಮ" ಎಂದೆ. ಆಗ ಅದನ್ನು ಮನಸಾರೆ ಹೇಳಿದ್ದೆ.

ಹೊರಡುವಾಗ ಜೈನಬ್ ಚಾಕಲೇಟಿನ ಚೀಲದ ಜೊತೆ ಅವರೆಕಾಳಿನಷ್ಟು ದೊಡ್ಡ ಒಂದು ನೇರಳೆ ಹರಳನ್ನು ಹತ್ತಿಯಲ್ಲಿ ಸುತ್ತಿ ಮೇಘನಾಗೆಂದು ಕೊಟ್ಟಳು. ಮಗು ಅಪ್ಪನನ್ನು ಆಟೋ ಹತ್ತಲು ಬಿಡಲಿಲ್ಲ. ಅದನ್ನು ಬಿಡಿಸಿ ಒಳಗೆ ಎತ್ತಿಕೊಂಡು ಹೋದ ಮೇಲೂ ಬೀದಿಯ ತಿರುವಿನವರೆಗೆ ಅಳು ಕೇಳುತ್ತಿತ್ತು.

ವಾಪಸು ದಾರಿಯಲ್ಲಿ ಅಬ್ಬಾಸ್ ಹಡಗಿನ ಮಾತಾಡಲಿಲ್ಲ. ನಾನೇ ಕೇಳಿದೆ, ನಮ್ಮವರು ಹೇಗಿದ್ದಾರೆಂದು. "ಚೆನ್ನಾಗಿದಾರೆ," ಎಂದರು. ಆಮೇಲೆ, "ಬೇರೆಯವರ ಜೊತೆ ಅವರಿಗೆ ಸರಿ ಹೋಗ್ತಿಲ್ಲ. ಈಗ ಜೋಡಿ ಹಾಕಿರೋ ಹುಡುಗ, ಗಂಟೆ ಬರೋಕೆ ಮುಂಚೆನೇ ಕೈ ಬಿಡ್ತಾನಂತೆ. ಕೆಲವು ದಿನ ಊಟ ಬಿಟ್ಟು ಹೋಗಿ ಡೆಕ್ ಮೇಲೆ ಕೂತಿರ್ತಾರಂತೆ. ಅಲ್ಲಿ ಬೇರೆಯವರು ಹೇಳಿದ್ರು."

ಗೌರಿಬಿದನೂರು ಸ್ಟ್ಯಾಂಡಿನಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹೊರಟು ನಿಂತಿತ್ತು. ಅಬ್ಬಾಸ್ ಚೀಲ ಕೊಟ್ಟು, ಚಪ್ಪಲಿಯ ತುದಿಯನ್ನೇ ನೋಡುತ್ತಾ ಕೇಳಿದರು: "ನಾನು ಏನು ಮಾಡ್ಲಿ ಭಾಭಿ? ನೀವೇ ಹೇಳಿ."

ಹೋಗಬೇಡಿ ಎನ್ನುವುದಕ್ಕೆ ಬಾಯಿ ತೆರೆದೆ. ಚಳಿಯಲ್ಲಿ ಅಷ್ಟು ದೊಡ್ಡ ಡೆಕ್ಕಿನ ಮೇಲೆ ಒಬ್ಬರೇ ಕೂತ ನಮ್ಮವರು ಕಣ್ಣ ಮುಂದೆ ಬಂದರು. "ನೀವು ಹೋದ್ರೆ ಅವರು ಬರ್ತಾರೆ ಅಬ್ಬಾಸಣ್ಣ" ಎಂದೆ.

ಅವರು ತಲೆಯೆತ್ತಲಿಲ್ಲ. "ಆಯ್ತು ಭಾಭಿ" ಎಂದರು, ಅಷ್ಟೇ. ಕಂಡಕ್ಟರ್ ಸೀಟಿ ಊದಿದ. ಕಿಟಕಿಯಿಂದ ತಿರುಗಿ ನೋಡಿದಾಗ ಅವರು ಆಟೋಗೆ ಒರಗಿ, ಅದನ್ನು ಹತ್ತದೆ ನಿಂತೇ ಇದ್ದರು.

ಮಂಚೇನಹಳ್ಳಿ ದಾಟುವಷ್ಟರಲ್ಲಿ ನಮ್ಮವರ ಫೋನ್ ಬಂತು. "ಅಬ್ಬಾಸ್ ಹೇಳ್ದ, ಸೋಮವಾರ ಹೊರಡ್ತಾನಂತೆ! ಹಂಗಾದ್ರೆ ಮುಂದಿನ ತಿಂಗಳು ನಾನು ಮನೇಲಿ ಕಣೇ." ಗಾಳಿಯ ಸದ್ದಿನ ನಡುವೆ ಅಷ್ಟು ಹಗುರಾದ ದನಿ ಕೇಳಿ ಎಷ್ಟು ಕಾಲವಾಗಿತ್ತು. "ಏನಂದೆ ಅವನಿಗೆ? ನಾನೆಷ್ಟು ಹೇಳಿದ್ರೂ ಕೇಳಿರ್ಲಿಲ್ಲ."

"ಏನಿಲ್ಲ. ಊಟ ಮಾಡಿ ಬಂದೆ."

"ಅವರೆಕಾಯಿ ಅಷ್ಟೊತ್ತಿಗೆ ಇರುತ್ತಾ?"

"ಇರುತ್ತೆ" ಎಂದೆ. ಆಮೇಲೆ ಚಿಕ್ಕಬಳ್ಳಾಪುರದವರೆಗೆ, ಶಿಡ್ಲಘಟ್ಟದವರೆಗೆ, ನಾನು ಹೊರಗೆ ಏನು ನೋಡಿದೆನೋ ನೆನಪಿಲ್ಲ. ನೀರಿದ್ದ ಕೆರೆಯೂ ಯಾವಾಗಲೋ ಹಿಂದೆ ಹೋಗಿತ್ತು. ಅವರು ಬಂದರೆ ಮಲಗುವ ಕೋಣೆಯ ಪರದೆ ಬದಲಿಸಬೇಕು ಎಂದುಕೊಂಡೆ. ಹತ್ತಿಯಲ್ಲಿ ಸುತ್ತಿದ ಹರಳನ್ನು ಚೀಲದಿಂದ ತೆಗೆದು ನೋಡಿ, ಮತ್ತೆ ಒಳಗಿಟ್ಟೆ.

ಚಿಂತಾಮಣಿಯಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಮೇಘನಾ ರತ್ನಮ್ಮನವರ ಜಗಲಿಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ಸುದ್ದಿ ಕೇಳಿ ಪುಸ್ತಕ ಎಸೆದು ಕುಣಿದಳು. ರತ್ನಮ್ಮ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದವರು ಕೈ ನಿಲ್ಲಿಸದೆ, "ಅಬ್ಬಾ, ಕೊನೆಗೂ ಬರ್ತಾರಾ! ಒಳ್ಳೇದಾಯ್ತಮ್ಮ. ಮತ್ತೆ ಅಲ್ಲಿ ಕೆಲಸ?" ಎಂದರು.

"ಜೊತೆಯವರು ಸೋಮವಾರ ವಾಪಸು ಹೋಗ್ತಾರೆ."

"ಕೇಳಿದ ಕೂಡ್ಲೆ ಹೊರಟ್ನಾ?" ಎಂದರು ರತ್ನಮ್ಮ, ಹುಳುಕಿನದೊಂದು ಕಾಯಿ ಬೀದಿಗೆ ಎಸೆಯುತ್ತಾ. "ಪಾಪ, ಅವನಿಗೆ ಹೆಂಡ್ತಿ ಮಕ್ಕಳು ಯಾರೂ ಇಲ್ಲ ಅಂತ ಕಾಣುತ್ತೆ."