ನಮ್ಮವರ ಬ್ಯಾಗು

ಆ ದೊಡ್ಡ ಆಸ್ಪತ್ರೆಯ ಮುಂದಿನ ಗೇಟು ಕಾಯುವವಳಿಗೆ ಎಲ್ಲರೂ ಇಟ್ಟ ಹೆಸರು ಬ್ಯಾಗಕ್ಕ. ಬಂದವರ ಬ್ಯಾಗು ಬಿಚ್ಚಿಸಿ ನೋಡುವುದೇ ಅವಳ ಹೊಟ್ಟೆಪಾಡು. ಹಣ್ಣು ಹೆಚ್ಚುವ ಚಾಕು, ಬೆಂಕಿಪೊಟ್ಟಣ, ಅಳಿಯ ಮಾವನಿಗೆಂದು ಕದ್ದುಮುಚ್ಚಿ ತಂದ ಬಾಟಲಿ, ಯಾವುದೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಒಮ್ಮೆ ದೊಡ್ಡ ಡಾಕ್ಟರ ಹೆಂಡತಿಯ ಪರ್ಸನ್ನೂ ಬಿಡದೆ ಚೆನ್ನಾಗಿ ಬೈಸಿಕೊಂಡಿದ್ದಳು.

ಆದರೆ ಕಾವಲಿನವರು ಕಾವಲಿನವರ ಬ್ಯಾಗು ಮುಟ್ಟುವುದಿಲ್ಲ. ಕೆಲಸ ಬಿಟ್ಟವರು ಬಂದರೂ ಅಷ್ಟೇ. ಮುಟ್ಟಿದರೆ ಮುಖದ ಮೇಲೆ ಕಳ್ಳ ಎಂದಂತೆ. ಹೊಸಬರಿಗೆಲ್ಲ ಈ ಮರ್ಯಾದೆ ಕಲಿಸುತ್ತಿದ್ದವಳು ಬ್ಯಾಗಕ್ಕನೇ. ಹಿಂದಿನ ಗೇಟಿನ ಮೀಸೆಯಣ್ಣನೂ ಅವಳಿಂದಲೇ ಕಲಿತದ್ದು.

ಅವಳ ತಂಗಿ ನೆಲಮಾಳಿಗೆಯಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದಳು. ತಂಗಿಯ ಗಂಡನೂ ಮೊದಲು ಇಲ್ಲೇ ಕಾವಲಿಗಿದ್ದವನು. ಕುಡಿದು ಬಂದು ಕೆಲಸ ಕಳೆದುಕೊಂಡ. ಹೊಡೆತ ತಾಳಲಾರದೆ ತಂಗಿ ಅಕ್ಕನ ಮನೆ ಸೇರಿದಳು. ಅಂದಿನಿಂದ ಬ್ಯಾಗಕ್ಕನ ಚೀಲದಲ್ಲಿ ಎರಡು ಊಟದ ಡಬ್ಬಿ, ತನಗೊಂದು ತಂಗಿಗೊಂದು. ಅವನು ತಂಗಿಗೆ ಫೋನ್ ಮಾಡಿ ಹೇಳಿದ: “ನಿಮ್ಮಕ್ಕ ಕಾಯೋ ಜಾಗಕ್ಕೇ ಬಂದು ನಿನ್ನ ಮುಗಿಸ್ತೀನಿ.”

ಆ ಮಾತು ರೆಕಾರ್ಡ್ ಆಗಿದ್ದ ಫೋನು ಹಿಡಿದು ಬ್ಯಾಗಕ್ಕ ಠಾಣೆಗೆ ಓಡಿದಳು.

“ಗಂಡ ಹೆಂಡ್ತಿ ಜಗಳದಲ್ಲಿ ಇಂಥ ಮಾತು ಬರುತ್ತಮ್ಮ,” ಎಂದರು ಪೊಲೀಸರು. “ಏನಾದ್ರೂ ಮಾಡಿದ್ನಾ?”

“ಇನ್ನೂ ಇಲ್ಲ ಸಾರ್.”

“ಮಾಡಿದ್ರೆ ಬನ್ನಿ.”

ಅಲ್ಲಿಂದ ಆಸ್ಪತ್ರೆಯ ಭದ್ರತಾ ಅಧಿಕಾರಿಯ ಹತ್ತಿರ ಬಂದು ಗೋಗರೆದಳು. “ಅವನ ಫೋಟೋ ಎರಡೂ ಗೇಟಿಗೆ ಅಂಟಿಸಿ ಸಾರ್. ಮೀಸೆಯಣ್ಣನಿಗೂ ಒಂದು ಮಾತು ಹೇಳಿ.”

“ನಮ್ಮಲ್ಲೇ ಕಾವಲಿಗಿದ್ದೋನ ಫೋಟೋ ನಾವೇ ಹಾಕಿದ್ರೆ ಜನ ನಗ್ತಾರಮ್ಮ. ನೋಡೋಣ ಬಿಡಿ.”

ಆ ವಾರವೇ ಆಸ್ಪತ್ರೆಯಲ್ಲಿ, ಭಯೋತ್ಪಾದಕರು ನುಗ್ಗಿದರೆ ಏನು ಮಾಡಬೇಕೆಂದು ಅಣಕು ಕಾರ್ಯಾಚರಣೆ ನಡೆಯಿತು. ಯಾರೋ ಬಂದಾರೆಂದು ಇಡೀ ಕಟ್ಟಡ ಎದ್ದುಬಿದ್ದು ಓಡಿತು. ಬರುತ್ತೇನೆಂದು ಬಾಯಿಬಿಟ್ಟು ಹೇಳಿದವನ ಬಗ್ಗೆ ಯಾರಿಗೂ ತಲೆಬಿಸಿಯಿಲ್ಲ. ಇದನ್ನು ಭದ್ರತೆ ಎನ್ನಬೇಕಂತೆ.

ಮೀಸೆಯಣ್ಣನಿಗೆ ತಾನೇ ಹೇಳೋಣವೆಂದು ಬ್ಯಾಗಕ್ಕ ಹಿಂದಿನ ಗೇಟಿನವರೆಗೂ ಹೋದಳು. ಅವನೋ ತಂಗಿಯ ಗಂಡನ ಹಳೆಯ ಜೊತೆಗಾರ. ಮನೆಯ ರಂಪ ಅವನ ಮುಂದೆ ಹೇಗೆ ಬಿಚ್ಚುವುದು, ತಾನೇ ಕಲಿಸಿದ್ದನ್ನು ತಾನೇ ಮುರಿ ಎನ್ನುವುದು ಹೇಗೆ? ಸಾಹೇಬರು ಹೇಳಿರುತ್ತಾರೆ ಎಂದುಕೊಂಡು ಹೇಳದೆಯೇ ಹಿಂತಿರುಗಿದಳು.

ಒಂದು ಬೆಳಗ್ಗೆ, ರೋಗಿಗಳನ್ನು ನೋಡಲು ಬಂದವರ ಸಾಲು ಬೆಳೆದಿದ್ದಾಗ ಮೀಸೆಯಣ್ಣನ ಫೋನ್ ಬಂತು. ಅವನ ಧ್ವನಿಯಲ್ಲಿ ಖುಷಿಯಿತ್ತು.

“ಅಕ್ಕಾ, ನಿಮ್ಮ ತಂಗಿ ಯಜಮಾನ್ರು ಬಂದಿದ್ರು. ರಾಜಿಯಾಗ್ತೀನಿ, ಸೀರೆ ತಂದಿದೀನಿ ಅಂತ ಬ್ಯಾಗ್ ತೋರಿಸಿದ್ರು. ಒಳಗೆ ಬಿಟ್ಟೆ. ಒಳ್ಳೇದಾಯ್ತಲ್ವಾ?”

ಬ್ಯಾಗಕ್ಕ ಕೈಯಲ್ಲಿದ್ದ ಯಾರದೋ ಚೀಲ ಕೆಳಗಿಟ್ಟಳು. “ಬಿಚ್ಚಿ ನೋಡಿದ್ರಾ?”

“ಛೇ, ನಮ್ಮೋರಲ್ವಾ ಅಕ್ಕಾ.”

ಅವಳು ಗೇಟು ಬಿಟ್ಟು ಓಡಿದಳು. ಅವಳು ಗೇಟು ಬಿಟ್ಟದ್ದನ್ನು ಯಾರೂ ಎಂದೂ ಕಂಡಿರಲಿಲ್ಲ. ಮೆಟ್ಟಿಲಲ್ಲಿ ಎಡವಿ ಬಿದ್ದಳು, ಎದ್ದಳು, ತಂಗಿಯನ್ನು ಕೂಗುತ್ತಲೇ ಇಳಿದಳು. ಒಗೆಯುವ ಯಂತ್ರಗಳು ಗಡಗಡನೆ ತಿರುಗುತ್ತಿದ್ದವು. ಆ ಸದ್ದಿನಲ್ಲಿ ತಂಗಿಯ ಚೀರಾಟ ಯಾರಿಗೂ ಕೇಳಿರಲಿಲ್ಲ. ನೆಲದ ಮೇಲೆ ಮಡಚಿಟ್ಟ ಬಿಳಿ ಹಾಸಿಗೆ ಬಟ್ಟೆಗಳೆಲ್ಲ ಕೆಂಪಾಗಿದ್ದವು. ಅವನು ಅಲ್ಲೇ ಗೋಡೆಗೊರಗಿ ಕೂತಿದ್ದ. ಬ್ಯಾಗಿನಲ್ಲಿ ಸೀರೆ ಇರಲಿಲ್ಲ.

ಇದು ಯಾರೂ ಊಹಿಸದ ಘಟನೆ ಎಂದು ಅಧಿಕಾರಿ ಪತ್ರಿಕೆಯವರಿಗೆ ಹೇಳಿದ.

ತಂಗಿಯ ಕಾರ್ಯವೆಲ್ಲ ಮುಗಿಸಿ ಬ್ಯಾಗಕ್ಕ ಕೆಲಸಕ್ಕೆ ಬಂದಾಗ ಗೇಟಿನ ಮೇಲೆ ತಂಗಿಯ ಗಂಡನ ಫೋಟೋ ಅಂಟಿಸಿದ್ದರು. ಅವನು ಆಗಲೇ ಜೈಲಿನಲ್ಲಿದ್ದ.

“ನೀವು ಕೇಳಿದ್ರಲ್ಲಮ್ಮ, ಹಾಕಿಸಿದೀನಿ,” ಎಂದ ಅಧಿಕಾರಿ.

ಗೇಟಿನಲ್ಲಿ ಅವಳ ಬದಲಿಗೆ ನಿಂತಿದ್ದ ಮೀಸೆಯಣ್ಣ ತಲೆಯೆತ್ತಲಿಲ್ಲ. “ಬ್ಯಾಗ್ ಬಿಚ್ಚಬೇಕು ಅಕ್ಕಾ,” ಎಂದ. “ಈಗ ನಮ್ಮೋರದ್ದೂ ನೋಡ್ಬೇಕಂತೆ.”

ಅವಳು ಬಿಚ್ಚಿ ತೋರಿಸಿದಳು. ಒಳಗೆ ಎರಡು ಊಟದ ಡಬ್ಬಿಗಳಿದ್ದವು.