ಧಕ್ಕೆಯ ಮೆಟ್ಟಿಲ ಮೇಲಿನ ಹುಡುಗ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಂಬುವವನು ನಾನಾಗಿರಲಿಲ್ಲ. ನಮ್ಮ ಇನ್ನಂಜೆಯಲ್ಲಿ ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ ವಿಷಯ. ಆದರೆ ಯಾರಾದರೂ ಕಣ್ಣು ಅಗಲಿಸಿಕೊಂಡು ‘ನನಗೆ ಹೀಗಾಯಿತು’ ಎಂದು ಶುರು ಮಾಡಿದರೆ ‘ಅಂದು ಹೊಟ್ಟೆಗೆ ಎಂತ ತಿಂದಿದ್ದಿರಿ’ ಎಂದು ಕೇಳಿ ನಗುತ್ತಿದ್ದೆ. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಬಹುದು. ಕೇಳಿ, ಬೇಸರವಿಲ್ಲ.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷ ಆಗಿತ್ತು. ನಾನು ಮಣಿಪಾಲದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದೆ. ಹಳೆಯ ಊರುಗಳ ಹುಚ್ಚು ನನಗೆ. ಯಾರೂ ಕಲಿಸಿದ್ದಲ್ಲ, ಲೈಬ್ರರಿಯಲ್ಲಿ ಓದಿ, ಭಾನುವಾರ ಬಸ್ಸು ಹತ್ತಿ, ಕಂಡ ಕಂಡ ಕಲ್ಲಿನ ಮುಂದೆ ಕುಳಿತು ನಾನೇ ಕಲಿತದ್ದು. ಅದರಲ್ಲೂ ಹೊಳೆ ದಂಡೆಯ ಹಳೆಯ ಬಂದರುಗಳೆಂದರೆ ಪ್ರಾಣ. ಯಾರ ಮನೆಯಲ್ಲಾದರೂ ಹಳೆಯ ಫೋಟೋ ಕಂಡರೆ ಕೇಳಿ ತಂದು, ಕಾಪಿ ಮಾಡಿಸಿ, ಮುಂದಿನ ವಾರವೇ ಹಿಂದಿರುಗಿಸುತ್ತಿದ್ದೆ. ಒಂದನ್ನೂ ಇಟ್ಟುಕೊಂಡವನಲ್ಲ. ಇದೊಂದನ್ನು ದಯವಿಟ್ಟು ನಂಬಿ.

ಗೆಳೆಯ ವಾಲ್ಟರ್ ಕಾಪುವಿನವನು. ಅವನ ಅಣ್ಣ ದುಬೈಯಿಂದ ಬಂದಾಗ ಕೊಂಡ ಓಮ್ನಿ ವ್ಯಾನ್ ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ವಾಲ್ಟರ್ ಅದರ ಹಿಂದಿನ ಸೀಟು ಕಿತ್ತು ಹಲಗೆ ಬಡಿದು ಹಾಸಿಗೆ ಹಾಕಿದ. ಒಂದು ಸೀಮೆಎಣ್ಣೆ ಸ್ಟೋವ್, ಒಂದು ಕೊಡ ನೀರು, ಕಿಟಕಿಗೆ ಅವನ ಅಮ್ಮನ ಹಳೆಯ ಸೀರೆಯ ಪರದೆ. ಕ್ರಿಸ್‌ಮಸ್ ಮುಗಿದ ಮೇಲೆ, ಮನೆಯಲ್ಲಿ ಉಳಿದ ಹಬ್ಬದ ತಿಂಡಿಯನ್ನೆಲ್ಲ ಡಬ್ಬಕ್ಕೆ ತುಂಬಿಕೊಂಡು ಹೊರಟೆವು. ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕೂತಿರುವ ಕಾಲ. ನಾವೇ ರಾಜರು ಎಂಬ ಹಾಗೆ ಇತ್ತು.

ಮೊದಲ ದಿನ ಉದ್ಯಾವರ. ಹೊಳೆಬದಿಯ ಚಾ ಅಂಗಡಿಯವರು ನನ್ನ ಮುಂದೆ ಗ್ಲಾಸು ಇಡುತ್ತಾ, “ನಿಮಗೆ ಸಕ್ಕರೆ ಕಡಿಮೆ ಅಲ್ವಾ? ಈ ಸಲ ವ್ಯಾನೇ ತಂದಿದ್ದೀರಿ” ಎಂದರು. ನನಗೆ ಸಕ್ಕರೆ ಕಡಿಮೆಯೇ ಬೇಕು. ಆದರೆ ಆ ಅಂಗಡಿಗೆ ನಾನು ಕಾಲಿಟ್ಟದ್ದು ಅಂದೇ ಮೊದಲು.

“ನಿನ್ನ ಹಾಗಿನ ಮುಖ ಇನ್ನೊಂದು ಉಂಟಾ?” ವಾಲ್ಟರ್ ನಕ್ಕ. “ಪಾಪ ಮಾರಾಯಾ, ಅವನಿಗೂ ಹೆಣ್ಣು ಸಿಗ್ಲಿಕ್ಕಿಲ್ಲ.”

ನಾನೂ ನಕ್ಕೆ. ಅಲ್ಲಿಂದ ಕಾರ್ಕಳ, ಹಿರಿಯಡ್ಕ, ಪೆರ್ಡೂರು ಎಂದು ಸುತ್ತಿಕೊಂಡು ಬಾರ್ಕೂರಿನ ಕಡೆ ಬಂದೆವು. ಊರು ದಾಟಿ ಹೊಳೆಯ ಹತ್ತಿರ ವ್ಯಾನ್ ನಿಲ್ಲಿಸಿದಾಗ ಮಧ್ಯಾಹ್ನ. ಒಂದು ಸಣ್ಣ ಹಂಚಿನ ಮನೆಯ ಅಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬರು ತೆಂಗಿನ ಗರಿ ಹೆಣೆಯುತ್ತಿದ್ದರು. ಹಳೆಯ ಬಂದರು ಎಲ್ಲಿತ್ತು ಎಂದು ಕೇಳಲು ಹೋದೆ. ಅವರು ತಲೆಯೆತ್ತಿದವರೇ ಗರಿ ಬಿಟ್ಟು ಎದ್ದು ನಿಂತರು.

“ಬಂದ್ರಾ! ಇನ್ನು ಬರ್ಲಿಕ್ಕಿಲ್ಲ ಅಂತ ಮಾಡಿದ್ದೆ. ಫೋಟೋ ತಂದ್ರಾ?”

“ಯಾವ ಫೋಟೋ ಅಮ್ಮ?”

“ತಮಾಷೆ ಮಾಡ್ಬೇಡಿ ಮಗಾ. ನನ್ನ ಸುಧಾಕರನದ್ದು. ಕಳೆದ ಅಷ್ಟಮಿ ಸಮಯದಲ್ಲಿ ಕೊಂಡೋದ್ರಲ್ಲ? ‘ಕಾಪಿ ಮಾಡಿಸಿ ಬರುವ ವಾರವೇ ಕೊಡ್ತೇನೆ ಅಮ್ಮ’ ಅಂತ ನೀವೇ ಹೇಳಿದ್ದು.”

ಎಲ್ಲ ಮನೆಗಳಲ್ಲೂ ನಾನು ಹೇಳುವ ಮಾತು ಅಕ್ಷರ ಬಿಡದೆ ಅದೇ.

ಸುಧಾಕರ ಅವರ ಒಬ್ಬನೇ ಮಗ. ಬೊಂಬಾಯಿಯ ಹೋಟೆಲಿಗೆ ಕೆಲಸಕ್ಕೆ ಹೋದವನು ಅಲ್ಲಿಯೇ ಜ್ವರ ಬಂದು ತೀರಿಕೊಂಡಿದ್ದ. ಹೊರಟ ದಿನ ಹೊಳೆಯ ಹಳೆಯ ಧಕ್ಕೆಯಲ್ಲಿ, ದೋಣಿಯಿಂದ ಸಾಮಾನು ಇಳಿಸುತ್ತಿದ್ದ ಕಲ್ಲಿನ ಮೆಟ್ಟಿಲ ಮೇಲೆ, ಅವನನ್ನು ನಿಲ್ಲಿಸಿ ತೆಗೆದ ಒಂದೇ ಒಂದು ಫೋಟೋ ಅದು. ಮುಂದೆ ಒಂದು ನೆರೆಗೆ ಮೆಟ್ಟಿಲ ಸಮೇತ ಧಕ್ಕೆಯೇ ಕೊಚ್ಚಿಹೋಯಿತಂತೆ. ಇದನ್ನು ಕೇಳಿಯೇ ನನ್ನ ಮೈ ತಣ್ಣಗಾದದ್ದು. ಇಲ್ಲದ ಧಕ್ಕೆ ಕಾಣುವ ಫೋಟೋ! ನಾನು ಕಂಡಿದ್ದರೆ ಖಂಡಿತ ಕೇಳದೆ ಬಿಡುತ್ತಿರಲಿಲ್ಲ.

ಆದರೆ ಆ ಅಷ್ಟಮಿಗೆ ನಾನು ಕಾಮಾಲೆಯಾಗಿ ಮನೆಯಲ್ಲಿ ಗಂಜಿ ಕುಡಿದುಕೊಂಡು ಮಲಗಿದ್ದೆ. ಹಾಗೆಂದು ಹೇಳಿದೆ. “ಹೌದಮ್ಮ, ಇವನ ಕಣ್ಣು ಅರಸಿನದ ಹಾಗೆ ಆಗಿತ್ತು. ಮದ್ದು ತಂದು ಕೊಟ್ಟದ್ದೇ ನಾನು” ಎಂದು ವಾಲ್ಟರ್ ಸಾಕ್ಷಿ ಹೇಳಿದ.

ಬೇಲಿಯಾಚೆ ನಿಂತು ಕೇಳುತ್ತಿದ್ದ ನೆರೆಮನೆಯಾಕೆ ಬಿಡಲಿಲ್ಲ. “ಇವರೇ, ಇವರೇ! ನಾನೇ ಅಲ್ವಾ ಬೊಂಡ ಕೆತ್ತಿ ಕೊಟ್ಟದ್ದು? ಕುಡಿಯುವಾಗ ಕಾಮಾಲೆ ಇರ್ಲಿಲ್ಲ, ಫೋಟೋ ವಾಪಸು ಕೊಡುವಾಗ ಬಂತಾ?”

“ನೀ ಸುಮ್ಮನಿರು ಗಿರಿಜಾ” ಎಂದರು ಆ ತಾಯಿ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಕಳೆದು ಹೋಗಿದ್ರೆ ಹೋಗ್ಲಿ ಮಗಾ, ನಾನು ಬೈಯುವುದಿಲ್ಲ. ಅದರಲ್ಲಿ ಅವನು ಹೇಗಿದ್ದ, ಅದೊಂದು ಹೇಳಿ. ನನಗೆ ಅವನ ಮುಖ ಮರೀಲಿಕ್ಕೆ ಶುರುವಾಗಿದೆ” ಎಂದರು.

ನನಗೆ ಗೊತ್ತಿಲ್ಲ ಎಂದು ಹೇಳಲೆಂದೇ ಬಾಯಿ ತೆರೆದೆ. ಬಂದದ್ದು ಬೇರೆ. “ಚೌಕುಳಿ ಅಂಗಿ ಅಮ್ಮ. ಎರಡನೇ ಗುಂಡಿ ಇರಲಿಲ್ಲ, ಅಲ್ಲಿ ಒಂದು ಸೇಫ್ಟಿ ಪಿನ್ ಇತ್ತು. ಬಿಸಿಲಿಗೆ ಒಂದು ಕಣ್ಣು ಸಣ್ಣ ಮಾಡಿದ್ದ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ.”

“ಹೊಸ ಚಪ್ಪಲಿ” ಎಂದರು ಅವರು. “ಮೆಟ್ಟಿಲು ಒದ್ದೆ ಉಂಟು ಅಂತ ತೆಗೆದದ್ದು. ಪಿನ್ನು ನಾನೇ ಹಾಕಿದ್ದು. ಬಸ್ಸಿಗೆ ಹೊತ್ತಾಯ್ತು ಅಂತ ಹೊಲೀಲಿಕ್ಕೆ ಬಿಡ್ಲಿಲ್ಲ ಅವನು.” ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಳಿತುಬಿಟ್ಟರು.

ಗಿರಿಜಾ ಎಂಬ ಆಕೆ ನನ್ನನ್ನೇ ನೋಡಿದಳು. ವಾಲ್ಟರನೂ ನೋಡಿದ. ಅದುವರೆಗೆ ನನ್ನ ಪಕ್ಕದಲ್ಲಿದ್ದವನು ಒಂದು ಹೆಜ್ಜೆ ಹಿಂದೆ ಸರಿದ. ನನ್ನ ಕಿವಿಯೆಲ್ಲ ಸುಡುತ್ತಿತ್ತು. ಕೈ ಜೋಡಿಸಿ, “ತಪ್ಪಾಯಿತು ಅಮ್ಮ, ಹುಡುಕಿ ತಂದುಕೊಡುತ್ತೇನೆ” ಎಂದೆ. ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದೇನೆ ಎಂದು ಆಗ ಅನ್ನಿಸಲೇ ಇಲ್ಲ. ಕಳ್ಳ ಸಿಕ್ಕಿಬಿದ್ದಾಗ ಹೇಗಾಗುತ್ತದೋ ಹಾಗೇ ಆಯಿತು.

ವ್ಯಾನಿನಲ್ಲಿ ವಾಲ್ಟರ್ ಕೀ ಹಾಕಿದ, ಆದರೆ ಸ್ಟಾರ್ಟ್ ಮಾಡಲಿಲ್ಲ. “ನಾನು ಯಾರಿಗೂ ಹೇಳುವುದಿಲ್ಲ. ನಿಜ ಹೇಳು, ಆ ಫೋಟೋ ನೀನು ತಂದಿದ್ದೀಯಾ?” ಎಂದ. ನಾನು ಹೊಳೆಯ ಕಡೆ ನೋಡಿದೆ. ಮುಂದೆ ಬಸ್ರೂರಿಗೆ ಹೋಗುವುದಿತ್ತು. ಹೋಗಲಿಲ್ಲ. ವಾಲ್ಟರ್ ವ್ಯಾನನ್ನು ಉಡುಪಿಯ ಕಡೆ ತಿರುಗಿಸಿದ.

ಮನೆಯಲ್ಲಿ ಟ್ರಂಕು, ಪುಸ್ತಕ, ಅಂಗಡಿಯ ಡ್ರಾವರ್ ಎಲ್ಲ ಬಗೆದು ನೋಡಿದೆ. ಕಾಪಿ ಮಾಡಿಸುತ್ತಿದ್ದ ಸ್ಟುಡಿಯೋದಲ್ಲೂ ವಿಚಾರಿಸಿದೆ. ಎಲ್ಲಿಯೂ ಇಲ್ಲ. ನನ್ನನ್ನು ಹೋಲುವ ಇನ್ನೊಬ್ಬ ಇದ್ದಿರಬಹುದು, ಮಣಿಪಾಲದಲ್ಲಿ ಸಾವಿರ ಹುಡುಗರಿದ್ದಾರೆ, ಸರಿ. ಆದರೆ ಆ ಪಿನ್ನು ನನಗೆ ಹೇಗೆ ಕಂಡಿತು? ಬರೀ ಪಿನ್ನಲ್ಲ. ಕಣ್ಣು ಮುಚ್ಚಿದರೆ ಆ ಹುಡುಗನ ಪೂರ್ತಿ ಮುಖ ಬರುತ್ತದೆ. ತೀರಿಕೊಂಡ ನನ್ನ ಅಜ್ಜನ ಮುಖವೂ ನನಗೆ ಅಷ್ಟು ಸ್ಪಷ್ಟವಿಲ್ಲ. ಹೆತ್ತವಳಿಗೆ ಮರೆಯುತ್ತಿರುವ ಮುಖ ನನ್ನ ಹತ್ತಿರ ಯಾಕಿರಬೇಕು?

ಮಳೆಗಾಲದ ಮೊದಲು ಕಾರ್ಕಳದಲ್ಲಿ ಬೋರ್ಡ್ ಬರೆಯುವ ಕಲಾವಿದರೊಬ್ಬರ ಎದುರು ಕುಳಿತು ವಿವರಿಸಿ ವಿವರಿಸಿ ಒಂದು ಚಿತ್ರ ಬರೆಸಿದೆ. ಚೌಕಟ್ಟು ಹಾಕಿಸಿ ಬಾರ್ಕೂರಿಗೆ ತೆಗೆದುಕೊಂಡು ಹೋದೆ. ಆ ತಾಯಿ ಅದನ್ನು ಬೆಳಕಿಗೆ ಹಿಡಿದರು. ಅವರು ಏನಾದರೂ ಹೇಳುವ ಮೊದಲೇ ನನಗೆ ಗೊತ್ತಾಯಿತು, ಗಲ್ಲ ತಪ್ಪಾಗಿದೆ, ಇದು ಸುಧಾಕರ ಅಲ್ಲ.

ಅವರು ಚಿತ್ರ ನೋಡುವುದನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು.

“ನಿಮಗೂ ಗೊತ್ತಾಯ್ತಲ್ವಾ, ಇದು ಅವನಲ್ಲ ಅಂತ” ಎಂದರು. ಚೌಕಟ್ಟನ್ನು ನನ್ನ ಕೈಗೇ ಕೊಟ್ಟು, ಬೆನ್ನು ಸವರಿದರು. “ಅಸಲು ನಿಮ್ಮ ಹತ್ರವೇ ಉಂಟು ಮಗಾ. ಮನಸ್ಸು ಬಂದಾಗ ತಂದುಕೊಡಿ. ನಾನು ಇರ್ತೇನೆ.”

ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ತಲೆ ತಗ್ಗಿಸಿಕೊಂಡು ಆ ಅಂಗಳ ದಾಟಿದೆ.