ಹುಳದಕ್ಕನ ಜೀರುಂಡೆ ಕೋಣೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿ ಹುಳದಕ್ಕ ಒಂದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು, ಒದ್ದೆ ಹತ್ತಿಯ ಮೇಲೆ ಟಾರ್ಚು ಬಿಡುತ್ತಾರೆ. ಹತ್ತಿಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಜೀರುಂಡೆ ಮೊಟ್ಟೆಗಳು. ಉಸಿರು ಬಿಗಿಹಿಡಿದು ನೋಡುತ್ತಾರೆ. ಏನೂ ಅಲುಗಾಡುವುದಿಲ್ಲ. "ಅವಸರ ಏನಿಲ್ಲ ಕಣ್ರಪ್ಪಾ, ನಾನಿಲ್ಲೇ ಇರ್ತೀನಿ" ಅಂತ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾರೆ.

ಹುಳದಕ್ಕ ಅನ್ನುವುದು ಇಲ್ಲಿಯವರು ಇಟ್ಟ ಹೆಸರು. ಗಂಡ ಬಸ್ಸು ರಿಪೇರಿ ಮಾಡುವವರು. ತಾವು ದುಡಿಯುತ್ತಿದ್ದ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಅಕ್ಕ ನೆಲ ಒರೆಸುವ ಕೆಲಸಕ್ಕೆಂದು ಇಲ್ಲಿಗೆ ಬಂದರು. ಜೀರುಂಡೆ ಕೈಮೇಲೆ ಹತ್ತಿದಾಗ ಕಿರುಚಲಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ಅವುಗಳ ಉಸ್ತುವಾರಿ ಇವರ ಕೊರಳಿಗೆ ಬಿತ್ತು. ದಿನವೂ ನಲವತ್ತು ಡಬ್ಬಿಗೆ ಹಿಟ್ಟು, ನೀರು, ಹೊಸ ಹತ್ತಿ. ಭಾನುವಾರ ಬಂದರೆ ಅವುಗಳ ಹೊಟ್ಟೆ ಹಸಿಯದೆ ಇರುತ್ತದೆಯೇ? "ಅತ್ತೆ ಹಿಟ್ಟು ಜರಡಿ ಹಿಡಿದು ಹುಳ ಆಚೆ ಎಸೀತಾರೆ, ಸೊಸೆ ಹಿಟ್ಟು ಹಾಕಿ ಹುಳ ಸಾಕ್ತಾಳೆ. ನಮ್ಮನೇಲಿ ದಿನಾ ಇದೇ ನಗು" ಅನ್ನುತ್ತಾರೆ ಅಕ್ಕ.

ಇಲ್ಲಿನ ಹಿರಿಯ ಮೇಡಂ ಬೆನ್ನು ಹತ್ತಿರುವ ಪ್ರಶ್ನೆ ಸಣ್ಣದೇನಲ್ಲ. ಹಣ್ಣಿನ ನೊಣಕ್ಕೂ ಜೀರುಂಡೆಗೂ ಮೈ ಕಟ್ಟುವ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಆದರೂ ನೊಣ ಮೊಟ್ಟೆಯೊಳಗೆ ತನ್ನ ಮೈಯ ಉಂಗುರದಂಥ ಭಾಗಗಳಿಗೆಲ್ಲ ಒಟ್ಟಿಗೇ ಗುರುತು ಹಾಕಿಕೊಂಡರೆ, ಜೀರುಂಡೆ ತಲೆಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಒಂದೊಂದಾಗಿ ಸೇರಿಸುತ್ತಾ ಹೋಗುತ್ತದೆ. ಈ ವ್ಯತ್ಯಾಸ ಕಾಲಾಂತರದಲ್ಲಿ ಹೇಗೆ ಬಂತು ಎಂಬುದೇ ಹುಡುಕಾಟ. ಹುಳದಕ್ಕ ತಮ್ಮ ಅತ್ತೆಗೆ ವಿವರಿಸಿದ್ದು ಹೀಗೆ: "ಸಾಲುಮನೆ ಇದ್ದ ಹಾಗೆ. ಎಲ್ಲಾ ಮನೇಲೂ ಅದೇ ಸ್ವಿಚ್ಚು. ಯಾವ ರೂಮಲ್ಲಿ ಯಾವಾಗ ಲೈಟ್ ಹಾಕ್ತಾರೆ ಅನ್ನೋದು ಬೇರೆ." ಆ ಲೈಟು ಕಣ್ಣಿಗೆ ಕಾಣಲೆಂದೇ, ಜೀನ್ ಕೆಲಸ ಮಾಡುವ ಜಾಗ ಹಸಿರಾಗಿ ಹೊಳೆಯುವಂಥ ಜೀರುಂಡೆ ವಂಶವೊಂದನ್ನು ವರ್ಷಗಟ್ಟಲೆ ಇಲ್ಲಿ ಸಾಕಿದ್ದಾರೆ. ಬೇರೆಲ್ಲೂ ಅದು ಇಲ್ಲ.

ಆ ವಂಶವೇ ನಿರ್ನಾಮವಾಯಿತೆಂದು ಎಲ್ಲರೂ ಕೈಚೆಲ್ಲಿದ್ದರು. ಯಾರೂ ಸುಮ್ಮನೆ ನುಗ್ಗದಿರಲಿ ಎಂದು ಹುಳದಕ್ಕನೇ ಜೀರುಂಡೆ ಕೋಣೆಯ ಬಾಗಿಲಿಗೆ "ಎಚ್ಚರಿಕೆ, ಒಳಗೆ ಹುಳುಗಳಿವೆ" ಎಂದು ಬರೆದು ಅಂಟಿಸಿದ್ದರು. ಅವರು ರಜೆಯಲ್ಲಿದ್ದಾಗ ಕಟ್ಟಡಕ್ಕೆ ಜಿರಲೆ ಔಷಧಿ ಹೊಡೆಯುವವರು ಬಂದರು. ಬೋರ್ಡು ಓದಿದರು. ಪಾಪ, ಎಲ್ಲಕ್ಕಿಂತ ಮೊದಲು, ಮನಸ್ಸಿಟ್ಟು ಅಲ್ಲೇ ಹೊಡೆದರು. ರಜೆ ಮುಗಿಸಿ ಬಂದಾಗ, ಸದಾ ಕಿವಿಗಡಚಿಕ್ಕುತ್ತಿದ್ದ ಕೋಣೆಯಲ್ಲಿ ಸದ್ದೇ ಇರಲಿಲ್ಲ. "ಒಂದೊಂದೇ ಡಬ್ಬಿ ತೆಗೆದು ನೋಡ್ದೆ. ನಾನು ಬರೆದಿದ್ದೇ ಅವಕ್ಕೆ ಮುಳುವಾಯ್ತಲ್ಲ." ಮೇಡಂ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತಂತೆ. ಉಳಿದದ್ದು, ರಜೆಗೆ ಮುಂಚೆ ಪಕ್ಕದ ಕೋಣೆಯ ಬೆಚ್ಚನೆ ಕಪಾಟಿನಲ್ಲಿ ಇಟ್ಟಿದ್ದ ಈ ಒಂದು ಡಬ್ಬಿ. ಔಷಧಿ ಇದಕ್ಕೂ ಸೋಕಿದೆಯೋ ಇಲ್ಲವೋ, ಮೊಟ್ಟೆ ಒಡೆಯುವವರೆಗೆ ಹೇಳುವಂತಿಲ್ಲ.

ಕಿಟಕಿಗೆ ಬಿಸಿಲು ಬೀಳುವ ಹೊತ್ತಿಗೆ ಮತ್ತೆ ಮುಚ್ಚಳ ತೆಗೆಯುತ್ತಾರೆ. ಹತ್ತಿಯ ಅಂಚಿನಲ್ಲಿ ಇರುವೆಯಷ್ಟು ದೊಡ್ಡ, ಬಿಳಿಚು ಮೈಯ ಒಂದು ಮರಿ ಮೀಸೆ ಆಡಿಸುತ್ತಿದೆ. ಅದರ ಹಿಂದೆ ಇನ್ನೊಂದು. ಆಮೇಲೆ ಲೆಕ್ಕ ತಪ್ಪುವಷ್ಟು. ಅಕ್ಕ ಕೂಗಿದ್ದಕ್ಕೆ ಓಡಿಬಂದ ಮೇಡಂ ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿ ನೋಡುತ್ತಾರೆ. "ಹೊಳೀತಿದೆ, ಅಕ್ಕ" ಅನ್ನುತ್ತಾ ಪಕ್ಕಕ್ಕೆ ಸರಿದು ಅವರಿಗೂ ತೋರಿಸುತ್ತಾರೆ. ಹುಳದಕ್ಕ ತೋಳಿನಿಂದ ಕಣ್ಣೊರೆಸಿಕೊಂಡು, ಬಹಳ ದಿನಗಳ ಮೇಲೆ ಹಾಯಾಗಿ ಉಸಿರು ಬಿಡುತ್ತಾರೆ.

ಇನ್ನೇನು ಬೇಕು ಎಂದರೆ ಅವರ ಆಸೆ ಇಷ್ಟೇ: "ಇವು ದೊಡ್ಡವಾಗಿ ಮತ್ತೆ ತಲೆ ಚಿಟ್ಟು ಹಿಡಿಯೋ ಹಾಗೆ ಕೂಗ್ಬೇಕು. ಸದ್ದಿಲ್ಲದ ರೂಮಲ್ಲಿ ನಂಗೆ ಕೆಲ್ಸ ಮಾಡಕ್ಕಾಗಲ್ಲ."

ಡಬ್ಬಿಗೆ ಹಿಟ್ಟು ಹಾಕಿ, ಕೈ ತೊಳೆದು, ಬಾಗಿಲಿಗೆ ಹೊಸ ಬೋರ್ಡು ಅಂಟಿಸುತ್ತಾರೆ. ಅದೇ ದುಂಡು ಅಕ್ಷರ: "ಒಳಗೆ ಮಕ್ಕಳಿದ್ದಾರೆ. ಬಾಗಿಲು ತಟ್ಟಿ."

"ಸುಳ್ಳೇನಲ್ವಲ್ಲ" ಅನ್ನುತ್ತಾ ಟೇಪು ಒತ್ತುತ್ತಾರೆ.